ಶಸ್ತ್ರಚಿಕಿತ್ಸೋತ್ತರ ಶುಶ್ರೂಷೆಯಲ್ಲಿ ಜೀವಸೂಚಕಗಳ ವೀಕ್ಷಣೆ: ಅವಧಿ ನಿರ್ಣಯದ ಒಂದು ವಿವೇಚನೆ

ಶಸ್ತ್ರಚಿಕಿತ್ಸೆ ಮುಗಿದು ರೋಗಿಯನ್ನು ವಾರ್ಡಿಗೆ ಕಳುಹಿಸುವಾಗ ಕೇಸ್‌ಶೀಟಿನಲ್ಲಿ ಬರೆಯುವ ಸೂಚನೆಗಳ ಪೈಕಿ ಒಂದು ಬಹುತೇಕ ಆಸ್ಪತ್ರೆಗಳಲ್ಲಿ ಒಂದೇ ಬಗೆಯಾಗಿರುತ್ತದೆ. ಮೊದಲ ಒಂದು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ, ಅನಂತರ ಒಂದೆರಡು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ, ಮುಂದೆ ನಾಲ್ಕು ಗಂಟೆಗಳ ಕಾಲ ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಗೊಮ್ಮೆ ನಾಡಿ, ಉಸಿರಾಟ, ರಕ್ತದೊತ್ತಡ ಮತ್ತು ದೇಹದ ಉಷ್ಣತೆಯನ್ನು ದಾಖಲಿಸಬೇಕು ಎಂಬುದೇ ಆ ಸೂಚನೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಂಕಿಗಳು ಅಷ್ಟಿಷ್ಟು ವ್ಯತ್ಯಾಸವಾಗಬಹುದು. ಸ್ವರೂಪ ಮಾತ್ರ ಅದೇ. ಹರ್ನಿಯ ಶಸ್ತ್ರಚಿಕಿತ್ಸೆಯಾದ ಮೂವತ್ತರ ಯುವಕನಿಗೂ ಕರುಳಿನ ಅರ್ಬುದವನ್ನು ತೆಗೆಸಿಕೊಂಡ ಎಪ್ಪತ್ತೈದರ ಮಧುಮೇಹಿಗೂ ಇದೇ ವೇಳಾಪಟ್ಟಿ ಅನ್ವಯವಾಗುತ್ತದೆ.

ಈ ವೇಳಾಪಟ್ಟಿಯ ಹಿಂದಿರುವ ಆಧಾರವೇನು, ಅದು ಹಿಡಿಯಬೇಕಾದ ಅಪಾಯಗಳನ್ನು ಹಿಡಿಯುತ್ತದೆಯೆ, ಶುಶ್ರೂಷಕರ ಸಂಖ್ಯೆ ಸಾಲದ ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ಹೇಗೆ ಮಾರ್ಪಡಿಸಿಕೊಳ್ಳಬಹುದು ಎಂಬುದು ಪ್ರಸ್ತುತ ಪ್ರಬಂಧದ ವಿಷಯ. ತೀವ್ರನಿಗಾ ಘಟಕದ ರೋಗಿಗಳನ್ನೂ ಮಕ್ಕಳನ್ನೂ ಇಲ್ಲಿ ಪರಿಗಣಿಸಿಲ್ಲ. ಸಾಮಾನ್ಯ ವಾರ್ಡಿನ ವಯಸ್ಕ ರೋಗಿಯೇ ಈ ಚರ್ಚೆಯ ಕೇಂದ್ರ. ಆಸ್ಪತ್ರೆಯ ಆಡುಮಾತಿನಲ್ಲಿ ‘ವೈಟಲ್ಸ್’ ಎನ್ನುವುದನ್ನು ಇಲ್ಲಿ ಜೀವಸೂಚಕ ಎಂದು ಕರೆದಿದೆ. ಮೇಲೆ ಹೇಳಿದ ನಾಲ್ಕರ ಜೊತೆಗೆ ರಕ್ತದ ಆಮ್ಲಜನಕ ಪ್ರಮಾಣವನ್ನೂ ಪ್ರಜ್ಞೆಯ ಮಟ್ಟವನ್ನೂ ಅದರಲ್ಲಿ ಸೇರಿಸಿಕೊಳ್ಳಲಾಗಿದೆ.

ಪದ್ಧತಿಯ ಹುಟ್ಟು

ಜೀವಸೂಚಕಗಳನ್ನು ನಿಗದಿತ ಹೊತ್ತಿಗೆ ಅಳೆದು ನಕ್ಷೆಯಲ್ಲಿ ಗುರುತಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು. ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಷ್ ಸುಮಾರು 25,000 ರೋಗಿಗಳ ಉಷ್ಣತೆಯ ದಾಖಲೆಗಳನ್ನು ಆಧರಿಸಿ 1868ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಒಂದೆರಡು ವರ್ಷ ಮೊದಲು ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಆರು ಅಂಗುಲದ, ಐದು ನಿಮಿಷದಲ್ಲಿ ಅಳತೆ ಕೊಡುವ ಉಷ್ಣಮಾಪಕವನ್ನು ಬಳಕೆಗೆ ತಂದಿದ್ದನು. ಉಪಕರಣ ಚಿಕ್ಕದಾದ ಮೇಲೆಯೇ ಈ ಕೆಲಸವನ್ನು ವೈದ್ಯರಿಂದ ದಾದಿಯರಿಗೆ ವಹಿಸುವುದು ಸಾಧ್ಯವಾಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಕೊಡುತ್ತಿದ್ದ ಇಬ್ಬರು ತರುಣರು, ಅರ್ನೆಸ್ಟ್ ಕಾಡ್‌ಮನ್ ಮತ್ತು ಹಾರ್ವೆ ಕುಶಿಂಗ್, 1894-95ರ ಸುಮಾರಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ನಾಡಿ ಮತ್ತು ಉಸಿರಾಟವನ್ನು ನಕ್ಷೆಯಲ್ಲಿ ಗುರುತಿಸತೊಡಗಿದರು. ಇಟಲಿಯ ರಿವಾ ರೊಚ್ಚಿ 1896ರಲ್ಲಿ ರೂಪಿಸಿದ ರಕ್ತದೊತ್ತಡ ಮಾಪಕವನ್ನು 1901ರಲ್ಲಿ ಪವಿಯಾ ನಗರದಲ್ಲಿ ಕಂಡು ಅಮೆರಿಕಕ್ಕೆ ಒಯ್ದವನೂ ಕುಶಿಂಗನೇ. 1905ರಲ್ಲಿ ಕೊರೊಟ್ಕಾಫ್ ಸ್ಟೆತಾಸ್ಕೋಪಿನಿಂದ ಕೇಳಿ ಒತ್ತಡವನ್ನು ಅಳೆಯುವ ಕ್ರಮವನ್ನು ತಿಳಿಸಿದ ಬಳಿಕ ಇಂದಿನ ಟಿ.ಪಿ.ಆರ್. ಮತ್ತು ಬಿ.ಪಿ. ಚಾರ್ಟಿನ ಎಲ್ಲ ಅಂಗಗಳೂ ಸಿದ್ಧವಾದಂತಾಯಿತು.

ಈ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಎಂಬುದಕ್ಕೆ ಶ್ರಮಪಟ್ಟು ಸಂಪಾದಿಸಿದ ಆಧಾರಗಳಿವೆ. ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು ಎಂಬ ಪ್ರಶ್ನೆಗೆ ಅಂತಹ ಸಂಪಾದನೆ ಕಾಣುವುದಿಲ್ಲ. ನಾಲ್ಕು ಗಂಟೆಯ ಅವಧಿಯು ಎಂಟು ಮತ್ತು ಹನ್ನೆರಡು ಗಂಟೆಗಳ ಪಾಳಿಗಳನ್ನು ಸಮವಾಗಿ ಭಾಗಿಸುತ್ತದೆ. ರೋಗಿಯ ದೇಹಧರ್ಮಕ್ಕಿಂತ ಆಸ್ಪತ್ರೆಯ ಗಡಿಯಾರಕ್ಕೆ ಅದು ಹೆಚ್ಚು ಹೊಂದಿಕೊಂಡಿದೆ ಎಂದು ಊಹಿಸುವುದು ಅಸಂಗತವಾಗಲಾರದು.

ಶಸ್ತ್ರಚಿಕಿತ್ಸಾ ಕೊಠಡಿಯ ಪಕ್ಕದ ಚೇತರಿಕೆ ಕೊಠಡಿಯ ಸಂಗತಿ ಬೇರೆ. ಅಂತಹ ಚಿಕ್ಕ ಕೋಣೆಗಳು ಇಂಗ್ಲೆಂಡಿನ ಗ್ರಾಮಾಂತರ ಆಸ್ಪತ್ರೆಗಳಲ್ಲಿ ಇದ್ದುದನ್ನು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿಯೇ ಉಲ್ಲೇಖಿಸಿದ್ದಾರೆ. ಆದರೆ ಅವು ಎಲ್ಲೆಡೆ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ. ಹನ್ನೊಂದು ವರ್ಷಗಳ ಸಾವುಗಳನ್ನು ಪರಿಶೀಲಿಸಿದ ಫಿಲಡೆಲ್ಫಿಯದ ಅರಿವಳಿಕೆ ಅಧ್ಯಯನ ಆಯೋಗವು, ಶಸ್ತ್ರಚಿಕಿತ್ಸೆಯಾದ 24 ಗಂಟೆಗಳೊಳಗಿನ ಸಾವುಗಳಲ್ಲಿ ಅರ್ಧಕ್ಕೆ ಸಮೀಪದಷ್ಟನ್ನು ತಪ್ಪಿಸಬಹುದಾಗಿತ್ತೆಂದು 1947ರಲ್ಲಿ ವರದಿ ಮಾಡಿತು. ಚೇತರಿಕೆ ಕೊಠಡಿಯಲ್ಲಿ ರೋಗಿಯ ಮಗ್ಗುಲಲ್ಲೇ ಒಬ್ಬರು ಇರಬೇಕೆಂಬ ಬಗ್ಗೆ ಇಂದು ಯಾರ ತಕರಾರೂ ಇಲ್ಲ. ರೋಗಿಯನ್ನು ಅಲ್ಲಿಂದ ವಾರ್ಡಿನ ಮಂಚಕ್ಕೆ ಸಾಗಿಸಿದ ಕ್ಷಣದಿಂದಲೇ ಸಮಸ್ಯೆ ಪ್ರಾರಂಭವಾಗುವುದು.

ಈ ಘಟ್ಟವನ್ನು ಕುರಿತು ಮೊದಲಿಗೆ ನೇರವಾಗಿ ಪ್ರಶ್ನೆಯೆತ್ತಿದವರಲ್ಲಿ ಆಸ್ಟ್ರೇಲಿಯದ ಶುಶ್ರೂಷಾ ಸಂಶೋಧಕಿಯರಾದ ಕ್ಯಾಥರಿನ್ ಜೈಟ್ಸ್ ಮತ್ತು ಹೆಲೆನ್ ಮೆಕಚನ್ ಮುಖ್ಯರು. 2002ರಿಂದ 2006ರ ಅವಧಿಯಲ್ಲಿ ಪ್ರಕಟವಾದ ಅವರ ಅಧ್ಯಯನಗಳು, ಆಸ್ಪತ್ರೆಗಳ ಲಿಖಿತ ನಿಯಮಗಳು ಸಂಶೋಧನೆಗಿಂತ ಸಂಪ್ರದಾಯವನ್ನೇ ಹೆಚ್ಚಾಗಿ ಆಧರಿಸಿವೆ ಎಂಬುದನ್ನೂ, ವೀಕ್ಷಣೆಯ ಸಂಖ್ಯೆಗೂ ತೊಡಕುಗಳು ಪತ್ತೆಯಾಗುವುದಕ್ಕೂ ನಿಶ್ಚಿತ ಸಂಬಂಧ ಕಾಣಲಿಲ್ಲವೆಂಬುದನ್ನೂ ತೋರಿಸಿದವು. ಇದರಿಂದ ಅಳೆಯುವುದೇ ವ್ಯರ್ಥವೆಂದು ತೀರ್ಮಾನಿಸಿದರೆ ಅದು ದುಡುಕಾಗುತ್ತದೆ. ಎಲ್ಲರಿಗೂ ಒಂದೇ ವೇಳಾಪಟ್ಟಿ ಎಂಬ ಕ್ರಮಕ್ಕೆ ಸಮರ್ಥನೆ ದೊರೆಯಲಿಲ್ಲ ಎಂಬಷ್ಟನ್ನು ಮಾತ್ರ ಅವು ಹೇಳುತ್ತವೆ.

ಅಪಾಯದ ವೇಗ

ಅವಧಿಯನ್ನು ನಿರ್ಣಯಿಸಬೇಕಾದರೆ ಮೊದಲು ಕೇಳಬೇಕಾದದ್ದು, ಯಾವ ಅಪಾಯ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದನ್ನು. ಎರಡು ವೀಕ್ಷಣೆಗಳ ನಡುವಿನ ಅಂತರವು, ಒಂದು ಅನಾಹುತ ಯಾರ ಕಣ್ಣಿಗೂ ಬೀಳದೆ ಸಾಗಬಹುದಾದ ಗರಿಷ್ಠ ಕಾಲವೂ ಹೌದು.

ರಕ್ತಸ್ರಾವವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 60 ಕಿಲೋಗ್ರಾಂ ತೂಕದ ವಯಸ್ಕರಲ್ಲಿ ಸ್ಥೂಲವಾಗಿ 4,200 ಮಿಲಿಲೀಟರ್ ರಕ್ತವಿರುತ್ತದೆ. ಹೊಟ್ಟೆಯೊಳಗೆ ಕಟ್ಟು ಸಡಿಲಗೊಂಡ ರಕ್ತನಾಳದಿಂದ ನಿಮಿಷಕ್ಕೆ 20 ಮಿಲಿಲೀಟರ್ ರಕ್ತ ಸೋರುತ್ತಿದೆ ಎಂದು ಭಾವಿಸೋಣ. 15 ನಿಮಿಷಕ್ಕೆ ನಷ್ಟವಾಗುವುದು 300 ಮಿಲಿಲೀಟರ್. ಒಂದು ಗಂಟೆಗೆ 1,200, ಅಂದರೆ ಒಟ್ಟು ರಕ್ತದ ಶೇಕಡ 29ರಷ್ಟು. ಸಾಮಾನ್ಯವಾಗಿ ಶೇಕಡ 15ರವರೆಗಿನ ನಷ್ಟವನ್ನು ದೇಹ ಹೊರಗೆ ತೋರಗೊಡದೆ ಸಹಿಸಿಕೊಳ್ಳುತ್ತದೆ. 15ರಿಂದ 30ರ ನಡುವೆ ನಾಡಿ ಮತ್ತು ಉಸಿರಾಟದ ವೇಗ ಏರುತ್ತದೆ, ಮೇಲಿನ ಮತ್ತು ಕೆಳಗಿನ ಒತ್ತಡಗಳ ಅಂತರ ಕಿರಿದಾಗುತ್ತದೆ. ಆದರೆ ಮೇಲಿನ ಒತ್ತಡ ಬಹುಪಾಲು ಹಾಗೆಯೇ ನಿಂತಿರುತ್ತದೆ. ಅದು ಕುಸಿಯುವುದು ಶೇಕಡ 30 ದಾಟಿದ ಮೇಲೆ. ನಮ್ಮ ಉದಾಹರಣೆಯಲ್ಲಿ ಎಚ್ಚರಿಕೆಯ ಕಾಲ ಸುಮಾರು 31ನೆಯ ನಿಮಿಷದಿಂದ 63ನೆಯ ನಿಮಿಷದವರೆಗಿನದು. ಅರ್ಧ ಗಂಟೆಗೊಮ್ಮೆ ನಾಡಿಯನ್ನು ನೋಡುವವರು ಆ ಕಾಲದೊಳಗೆ ಒಮ್ಮೆಯಾದರೂ ಬರುತ್ತಾರೆ. ಗಂಟೆಗೊಮ್ಮೆ ಬಂದು ಬಿ.ಪಿ. ಮಾತ್ರ ನೋಡುವವರಿಗೆ 60ನೆಯ ನಿಮಿಷದಲ್ಲಿಯೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಸ್ರಾವ ಇನ್ನೂ ನಿಧಾನವಾಗಿ, ನಿಮಿಷಕ್ಕೆ 5 ಮಿಲಿಲೀಟರಿನಂತೆ ಇದ್ದರೆ ಅದೇ 1,200 ಮಿಲಿಲೀಟರ್ ನಷ್ಟವಾಗಲು ನಾಲ್ಕು ಗಂಟೆ ಬೇಕು. ಶಸ್ತ್ರಚಿಕಿತ್ಸೆಯ ದಿನ ಸಂಜೆಯೇ ರೋಗಿಯನ್ನು ನಾಲ್ಕು ಗಂಟೆಯ ಅವಧಿಗೆ ಒಪ್ಪಿಸಿದರೆ, ಒತ್ತಡ ಕುಸಿಯುವ ಅಂಚಿನವರೆಗೆ ಯಾರೂ ನೋಡದೆ ಇರಬಹುದೆಂಬುದು ಇದರ ಅರ್ಥ. ನಾಡಿಯ ವೇಗವನ್ನು ತಗ್ಗಿಸುವ ಹೃದ್ರೋಗದ ಮಾತ್ರೆಗಳನ್ನು ಸೇವಿಸುತ್ತಿರುವ ವೃದ್ಧರಲ್ಲಿ ಮೊದಲ ಎಚ್ಚರಿಕೆಯೂ ಮರೆಯಾಗುತ್ತದೆ. ಸಿಸೇರಿಯನ್ ಆದ ತರುಣಿಯರಲ್ಲಿ ಇದಕ್ಕೆ ವಿರುದ್ಧವಾದ ತೊಡಕು: ಅವರ ರಕ್ತನಾಳಗಳು ಒತ್ತಡವನ್ನು ಕೊನೆಯವರೆಗೂ ಹಿಡಿದಿಟ್ಟು ಅನಂತರ ಒಮ್ಮೆಲೇ ಕೈಬಿಡುತ್ತವೆ.

ಉಸಿರಾಟದ ಕುಂಠಿತ ಇದಕ್ಕಿಂತ ವೇಗವಾದ ಅಪಾಯ. ಮಾರ್ಫಿನ್ ಮತ್ತು ಅದೇ ಬಗೆಯ ನೋವುನಿವಾರಕಗಳು ಉಸಿರಾಟವನ್ನು ಮಂದಗೊಳಿಸುತ್ತವೆ. ಉಸಿರು ಪೂರ್ಣವಾಗಿ ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುತ್ತದೆ. ಅಮೆರಿಕದಲ್ಲಿ ಇತ್ಯರ್ಥವಾದ ಪರಿಹಾರ ಮೊಕದ್ದಮೆಗಳ ಸಂಗ್ರಹದಿಂದ ಇಂತಹ 92 ಪ್ರಕರಣಗಳನ್ನು ಪರಿಶೀಲಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕಾರಣದಿಂದಲೇ ಪ್ರತಿಯೊಬ್ಬ ಶುಶ್ರೂಷಾ ಆಡಳಿತಗಾರರೂ ತಿಳಿದಿರಬೇಕಾದದ್ದು. ಶೇಕಡ 88ರಷ್ಟು ಘಟನೆಗಳು ಶಸ್ತ್ರಚಿಕಿತ್ಸೆಯಾದ 24 ಗಂಟೆಗಳೊಳಗೆ ಸಂಭವಿಸಿದ್ದವು. ಶೇಕಡ 42ರಲ್ಲಿ ಶುಶ್ರೂಷಕರು ಹಿಂದಿನ ಎರಡು ಗಂಟೆಗಳೊಳಗೆ ರೋಗಿಯನ್ನು ನೋಡಿಹೋಗಿದ್ದರು. ಶೇಕಡ 16ರಲ್ಲಿ ನೋಡಿಹೋಗಿ 15 ನಿಮಿಷವೂ ಆಗಿರಲಿಲ್ಲ. ಕೈಯಿಂದ ಅಳೆದು ಬರೆಯುವ ಯಾವ ವೇಳಾಪಟ್ಟಿಯೂ ಇದಕ್ಕೆ ಪೂರ್ಣ ರಕ್ಷಣೆಯಾಗಲಾರದು ಎಂಬುದನ್ನು ಈ ಅಂಕಿಗಳು ಸ್ಪಷ್ಟಪಡಿಸುತ್ತವೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾಹಿತಿಯಿದೆ. ಶೇಕಡ 62ರಷ್ಟು ರೋಗಿಗಳಲ್ಲಿ ಘಟನೆಗೆ ಮುನ್ನವೇ ಮಿತಿಮೀರಿದ ಮಂಪರನ್ನು ಗುರುತಿಸಲಾಗಿತ್ತು. ಮಂಪರನ್ನು ಅರಿಯಲು ಉಪಕರಣ ಬೇಡ. ಹೆಸರು ಹಿಡಿದು ಕರೆದಾಗ ರೋಗಿ ಕಣ್ಣು ತೆರೆದು ಸರಿಯಾಗಿ ಉತ್ತರಿಸುತ್ತಾರೆಯೆ ಎಂದು ನೋಡಿದರೆ ಸಾಕು. ‘ಪಾಪ, ನೋವು ಕಡಿಮೆಯಾಗಿ ನಿದ್ರೆ ಹತ್ತಿದೆ’ ಎಂದು ಎಬ್ಬಿಸದೆ ಮುಂದಿನ ಮಂಚಕ್ಕೆ ಹೋಗುವುದು ಸಹಜವಾದ ಕರುಣೆಯೇ; ಮಾರ್ಫಿನ್ ಪಡೆದ ರೋಗಿಯ ವಿಷಯದಲ್ಲಿ ಅದು ಅಪಾಯಕರ ಕರುಣೆ.

ಬೆನ್ನಿನಲ್ಲಿ ಕೊಡುವ ಅರಿವಳಿಕೆಯ ಜೊತೆಗೆ ಮಾರ್ಫಿನ್ ಸೇರಿಸಿದ್ದರೆ ಉಸಿರಾಟದ ಕುಂಠಿತ ತಡವಾಗಿ, ಹಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಸಿಸೇರಿಯನ್ ಮಾರ್ಗಸೂಚಿ ಇಂತಹ ಬಾಣಂತಿಯರ ಉಸಿರಾಟ, ಮಂಪರು ಮತ್ತು ನೋವನ್ನು 24 ಗಂಟೆಗಳ ಕಾಲ ಕನಿಷ್ಠ ಗಂಟೆಗೊಮ್ಮೆ ನೋಡಬೇಕೆಂದು ವಿಧಿಸಿತ್ತು. ಔಷಧಿಯ ಗುಣವನ್ನು ನೋಡಿ ಅವಧಿಯನ್ನು ನಿರ್ಣಯಿಸಿದ ಒಳ್ಳೆಯ ಮಾದರಿ ಇದು.

ಸೋಂಕು ಮತ್ತು ನಂಜಿನ ಬೆಳವಣಿಗೆ ಗಂಟೆಗಳಲ್ಲಿ, ದಿನಗಳಲ್ಲಿ ಅಳೆಯತಕ್ಕದ್ದು. ಕರುಳಿನ ಹೊಲಿಗೆ ಬಿಟ್ಟು ಸೋರುವುದು ಹೆಚ್ಚಾಗಿ ಮೂರನೆಯ ದಿನದಿಂದ ಒಂದು ವಾರದೊಳಗೆ. ಇಲ್ಲಿ 15 ನಿಮಿಷದ ಅವಧಿಗೆ ಅರ್ಥವಿಲ್ಲ. ಆದರೆ ವೇಳಾಪಟ್ಟಿ ಸಡಿಲಗೊಂಡಿರುವ, ಎಲ್ಲರೂ ನಿರಾಳವಾಗಿರುವ ನಾಲ್ಕನೆಯ ದಿನದಂದೇ ಈ ರೋಗಿಗೆ ಗಮನ ಬೇಕಾಗಿರುತ್ತದೆ. ಹದಿನಾಲ್ಕು ದೇಶಗಳ 40,004 ರೋಗಿಗಳನ್ನು ಅನುಸರಿಸಿದ ವಿಷನ್ ಅಧ್ಯಯನದ 2019ರ ವರದಿಯಂತೆ, 30 ದಿನಗಳೊಳಗೆ ಮೃತರಾದವರಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸತ್ತವರು ಶೇಕಡ ಒಂದರಷ್ಟೂ ಇರಲಿಲ್ಲ. ಶೇಕಡ 70ರಷ್ಟು ಮಂದಿ ಅನಂತರ ಆಸ್ಪತ್ರೆಯಲ್ಲಿದ್ದಾಗಲೇ ಸತ್ತಿದ್ದರು. ಭಾರಿ ರಕ್ತಸ್ರಾವ, ಹೃದಯದ ಸ್ನಾಯುವಿಗಾದ ಹಾನಿ ಮತ್ತು ನಂಜು, ಈ ಮೂರರ ಪಾಲೇ ಸಾವುಗಳಲ್ಲಿ ಅರ್ಧಕ್ಕೆ ಹತ್ತಿರ.

ಕಾಣದೆ ಉಳಿಯುವುದು

ನಾಲ್ಕು ಗಂಟೆಗೊಮ್ಮೆ ಅಳೆಯುವ ಕ್ರಮ ಎಷ್ಟನ್ನು ಕಾಣದೆ ಬಿಡುತ್ತದೆ ಎಂಬುದು ಯಂತ್ರಗಳಿಂದ ಸತತವಾಗಿ ದಾಖಲಿಸುವುದು ಸಾಧ್ಯವಾದ ಮೇಲೆ ತಿಳಿದುಬಂದಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ಟಕುವೊ ಅಯೊಯಾಗಿ 1974ರಲ್ಲಿ ಪ್ರಕಟಿಸಿದರು. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ 833 ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ ಇದನ್ನು ಸತತವಾಗಿ ಅಳವಡಿಸಿ, ಅದರ ಅಂಕಿಗಳನ್ನು ಶುಶ್ರೂಷಕರಿಗೆ ತೋರಿಸದೆ ಇಟ್ಟು, ಅವರ ಮಾಮೂಲು ದಾಖಲೆಗಳೊಡನೆ ಹೋಲಿಸಲಾಯಿತು. ಆಮ್ಲಜನಕ ಪ್ರಮಾಣ ಒಂದು ಗಂಟೆ ಅಥವಾ ಹೆಚ್ಚು ಕಾಲ ಶೇಕಡ 90ಕ್ಕಿಂತ ಕೆಳಗಿದ್ದ ಸಂದರ್ಭಗಳ ಪೈಕಿ ಹತ್ತರಲ್ಲಿ ಒಂಬತ್ತು ದಾಖಲೆಯಲ್ಲಿ ಕಾಣಲೇ ಇಲ್ಲವೆಂದು 2015ರ ವರದಿ ತಿಳಿಸಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರ ರಕ್ತದೊತ್ತಡದ ಬಗ್ಗೆ 2019ರಲ್ಲಿ ಪ್ರಕಟವಾದ ಇಂತಹದೇ ಅಧ್ಯಯನದಲ್ಲಿ, ಒತ್ತಡ ಕುಸಿದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಮಾಮೂಲು ವೀಕ್ಷಣೆಗೆ ಸಿಕ್ಕಿರಲಿಲ್ಲ.

ಆಕ್ಸಿಮೀಟರನ್ನೇ ಸರ್ವಸ್ವವೆಂದು ನಂಬುವಂತೆಯೂ ಇಲ್ಲ. ಮುಖವಾಡದಿಂದ ಆಮ್ಲಜನಕ ಪಡೆಯುತ್ತಿರುವ ರೋಗಿಯ ಉಸಿರಾಟ ಅಪಾಯಕರವಾಗಿ ಮಂದವಾಗಿದ್ದರೂ ಯಂತ್ರ ಬಹುಕಾಲ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಚರ್ಮದ ಬಣ್ಣ ಗಾಢವಾಗಿದ್ದರೆ ಅದು ಇರುವುದಕ್ಕಿಂತ ಹೆಚ್ಚು ಪ್ರಮಾಣವನ್ನು ತೋರಿಸುವ ಸಂಭವ ಅಧಿಕವೆಂದು 2020ರಲ್ಲಿ ಅಮೆರಿಕದಿಂದ ವರದಿಯಾಗಿದೆ. ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ಇಷ್ಟಾಗಿಯೂ ಅತ್ಯಂತ ಉಪೇಕ್ಷೆಗೆ ಒಳಗಾಗಿರುವ ಸೂಚಕ ಉಸಿರಾಟದ ಸಂಖ್ಯೆಯೇ. ಅದನ್ನು ಪೂರ್ಣ ಒಂದು ನಿಮಿಷ ಎಣಿಸಬೇಕು. ಯಾವುದೇ ವಾರ್ಡಿನ ಚಾರ್ಟುಗಳನ್ನು ತೆರೆದರೆ ಉಸಿರಾಟದ ಅಂಕಣದಲ್ಲಿ 18, 20, 20, 18 ಎಂಬ ಅಂಕಿಗಳು ಸಾಲಾಗಿ ಕಾಣುತ್ತವೆ. ಮನುಷ್ಯರ ಉಸಿರು ಅಷ್ಟು ಶಿಸ್ತಿನದಲ್ಲ.

ಅಂಕವನ್ನು ಅನುಸರಿಸುವ ಅವಧಿ

ಗಡಿಯಾರದ ಬದಲು ರೋಗಿಯ ಸ್ಥಿತಿಯೇ ಮುಂದಿನ ವೀಕ್ಷಣೆಯ ಹೊತ್ತನ್ನು ನಿರ್ಧರಿಸುವ ಕ್ರಮ ಬ್ರಿಟನ್ನಿನಲ್ಲಿ ರೂಪುಗೊಂಡಿತು. 1997ರಲ್ಲಿ ಗ್ರೇಟ್ ಯಾರ್ಮತ್ ಬಳಿಯ ಜೇಮ್ಸ್ ಪ್ಯಾಜೆಟ್ ಆಸ್ಪತ್ರೆಯ ಮಾರ್ಗನ್ ಮತ್ತು ಸಂಗಡಿಗರು ಪ್ರತಿಯೊಂದು ಸೂಚಕಕ್ಕೂ ಅಂಕಗಳನ್ನು ಕೊಟ್ಟು ಕೂಡಿಸುವ ಮುನ್ನೆಚ್ಚರಿಕೆ ಅಂಕಪದ್ಧತಿಯನ್ನು ಮಂಡಿಸಿದರು. ಆಸ್ಪತ್ರೆಯ ವಯಸ್ಕ ರೋಗಿಗಳನ್ನು ಕನಿಷ್ಠ 12 ಗಂಟೆಗೊಮ್ಮೆ ನೋಡಬೇಕು, ಏರುಪೇರು ಕಂಡರೆ ಅವಧಿಯನ್ನು ಕಿರಿದುಗೊಳಿಸಬೇಕು ಎಂದು ನೈಸ್ ಸಂಸ್ಥೆ 2007ರಲ್ಲಿ ಸೂಚಿಸಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಪದ್ಧತಿಯಲ್ಲಿ ಮೊತ್ತ ಸೊನ್ನೆಯಾದರೆ 12 ಗಂಟೆ, 1ರಿಂದ 4 ಆದರೆ 4ರಿಂದ 6 ಗಂಟೆ, 5 ಅಥವಾ 6 ಆದರೆ ಒಂದು ಗಂಟೆ, 7 ಮತ್ತು ಮೇಲ್ಪಟ್ಟರೆ ಸತತ ವೀಕ್ಷಣೆ. ಯಾವುದಾದರೂ ಒಂದೇ ಸೂಚಕಕ್ಕೆ 3 ಅಂಕ ಬಂದರೂ ಗಂಟೆಗೊಮ್ಮೆ ನೋಡಬೇಕು.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಕ್ಕೆ ಈ ಪದ್ಧತಿಯೊಂದನ್ನೇ ನೆಚ್ಚುವುದು ಸೂಕ್ತವಲ್ಲ. ಅಂಕ ಸೊನ್ನೆಯಿರುವ ರೋಗಿಯಲ್ಲಿಯೂ ರಕ್ತಸ್ರಾವ ಆಗಷ್ಟೇ ಪ್ರಾರಂಭವಾಗಿರಬಹುದು. ಮೊದಲ 24 ಗಂಟೆಗಳಿಗೆ ನಿಗದಿತ ಕನಿಷ್ಠ ಅವಧಿ, ಆಮೇಲೆ ಅಂಕವನ್ನು ಅನುಸರಿಸುವ ಅವಧಿ ಎಂಬ ಮಿಶ್ರಕ್ರಮವೇ ಹೆಚ್ಚು ಸಮಂಜಸವೆಂದು ತೋರುತ್ತದೆ.

ಅಳತೆಯ ನಂತರದ ಪ್ರಶ್ನೆ ಇನ್ನೂ ಕಠಿಣವಾದದ್ದು. ಅಮೆರಿಕದ 84,730 ಶಸ್ತ್ರಚಿಕಿತ್ಸಾ ರೋಗಿಗಳನ್ನು ಕುರಿತು ಗಫೇರಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವು ಕಡಿಮೆಯಿದ್ದ ಆಸ್ಪತ್ರೆಗಳಲ್ಲಿಯೂ ಹೆಚ್ಚಿದ್ದ ಆಸ್ಪತ್ರೆಗಳಲ್ಲಿಯೂ ತೊಡಕುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಭಾರಿ ತೊಡಕು ಉಂಟಾದವರಲ್ಲಿ ಸತ್ತವರ ಪ್ರಮಾಣ ಮಾತ್ರ ಮೊದಲ ಗುಂಪಿನಲ್ಲಿ ಶೇಕಡ 12.5, ಎರಡನೆಯದರಲ್ಲಿ ಶೇಕಡ 21.4. ತೊಡಕನ್ನು ಗುರುತಿಸಿದ ಮೇಲೆ ಏನಾಯಿತು ಎಂಬುದರಲ್ಲಿಯೇ ವ್ಯತ್ಯಾಸವಿದ್ದಂತೆ ಕಾಣುತ್ತದೆ. ಆಫ್ರಿಕದ 28 ದೇಶಗಳ 332 ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ವರದಿಯಾದ ಪ್ರಯೋಗ ನಮಗೆ ಇನ್ನೂ ಸಮೀಪದ್ದು. ಅಪಾಯ ಹೆಚ್ಚಿರುವ ರೋಗಿಗಳ ವೀಕ್ಷಣೆಗಳನ್ನು ಹೆಚ್ಚಿಸುವುದು, ಅವರ ಮಂಚವನ್ನು ಶುಶ್ರೂಷಕರ ಮೇಜಿನಿಂದ ಕಾಣುವಂತೆ ಇಡುವುದು, ಕುಟುಂಬದವರೊಬ್ಬರನ್ನು ಪಕ್ಕದಲ್ಲಿರಿಸುವುದು ಮೊದಲಾದ ಕ್ರಮಗಳನ್ನು ಅಲ್ಲಿ ಪರೀಕ್ಷಿಸಲಾಯಿತು. ಸಾವಿನ ಪ್ರಮಾಣ ಇಳಿಯಲಿಲ್ಲ. ಪ್ರಸ್ತುತ ಲೇಖಕರ ಅಭಿಪ್ರಾಯದಲ್ಲಿ, ರಕ್ತನಿಧಿ, ಅರಿವಳಿಕೆ ತಜ್ಞರು, ಮತ್ತೆ ಶಸ್ತ್ರಚಿಕಿತ್ಸೆ ಮಾಡಬಲ್ಲವರು ರಾತ್ರಿ ಲಭ್ಯವಿಲ್ಲದ ಕಡೆ ನೋಡುವ ಕಣ್ಣುಗಳನ್ನಷ್ಟೇ ಹೆಚ್ಚಿಸಿದರೆ ಆಗುವುದು ಇಷ್ಟೇ.

ನಮ್ಮ ವಾರ್ಡುಗಳು

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಶುಶ್ರೂಷಕರಿರಬೇಕು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ರಾತ್ರಿ ಪಾಳಿಯನ್ನು ಬಲ್ಲ ಯಾರಿಗೂ ಇದು ಕಾಗದದ ಮೇಲಿನ ಲೆಕ್ಕವೆಂಬುದು ಗೊತ್ತು. ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳ ಬಗ್ಗೆ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಒಬ್ಬ ಶುಶ್ರೂಷಕರ ಪಾಲಿಗೆ ಬರುವ ಪ್ರತಿಯೊಬ್ಬ ಹೆಚ್ಚುವರಿ ರೋಗಿಯೊಂದಿಗೆ 30 ದಿನಗಳೊಳಗಿನ ಸಾವಿನ ಸಂಭವ ಶೇಕಡ 7ರಷ್ಟು ಏರುವುದನ್ನು ಕಂಡಿತ್ತು. ನೇಮಕಾತಿಗೆ ಬದಲಿಯಾಗಬಲ್ಲ ವೇಳಾಪಟ್ಟಿ ಯಾವುದೂ ಇಲ್ಲ.

ಆದರೂ ಇರುವ ಕೈಗಳನ್ನು ಎಲ್ಲಿ ಬಳಸಬೇಕು ಎಂಬ ಲೆಕ್ಕ ಮಾಡಲೇಬೇಕು. 30 ಹಾಸಿಗೆಗಳ ವಾರ್ಡೊಂದರಲ್ಲಿ ಆ ದಿನ ಶಸ್ತ್ರಚಿಕಿತ್ಸೆಯಾದವರು 6 ಮಂದಿ, ಹಳಬರು 24 ಮಂದಿ ಎಂದಿಟ್ಟುಕೊಳ್ಳೋಣ. ಉಸಿರನ್ನು ನಿಜವಾಗಿ ಎಣಿಸಿದರೆ ಒಂದು ಪೂರ್ಣ ವೀಕ್ಷಣೆಗೆ 5 ನಿಮಿಷ ಬೇಕು. ಹಳಬರನ್ನು ನಾಲ್ಕು ಗಂಟೆಗೊಮ್ಮೆ ನೋಡಲು ಸರಾಸರಿ ಗಂಟೆಗೆ 30 ನಿಮಿಷ. ಹೊಸಬರನ್ನು ಗಂಟೆಗೊಮ್ಮೆ ನೋಡಲು ಮತ್ತೆ 30 ನಿಮಿಷ. ಚುಚ್ಚುಮದ್ದು, ಡ್ರಿಪ್, ಹೊಸ ದಾಖಲಾತಿ ಯಾವುದನ್ನೂ ಸೇರಿಸದೆಯೇ ಒಬ್ಬರ ಪೂರ್ಣ ಸಮಯ ಇದರಲ್ಲಿಯೇ ಕಳೆಯುತ್ತದೆ. ಆ ಆರು ಮಂದಿಗೆ 15 ನಿಮಿಷದ ಅವಧಿಯನ್ನು ವಿಧಿಸಿದರೆ ಗಂಟೆಗೆ 120 ನಿಮಿಷಗಳ ಕೆಲಸ. ಆಗದ ಕೆಲಸವನ್ನು ಆಜ್ಞಾಪಿಸಿದಾಗ ಅಂಕಣಗಳು ಬೆಳಗಿನ ಜಾವ ಒಟ್ಟಿಗೆ ತುಂಬುತ್ತವೆ. ಇದನ್ನು ಶುಶ್ರೂಷಕರ ಅಪ್ರಾಮಾಣಿಕತೆ ಎಂದು ಬಗೆಯುವುದಕ್ಕಿಂತ ವೇಳಾಪಟ್ಟಿ ಬರೆದವರ ಲೆಕ್ಕದ ತಪ್ಪು ಎನ್ನುವುದು ನ್ಯಾಯ.

ಈಗ ಹಳಬರಲ್ಲಿ ಸ್ಥಿರವಾಗಿರುವ 16 ಮಂದಿಯನ್ನು ಎಂಟು ಗಂಟೆಗೊಮ್ಮೆ ನೋಡಿದರೆ ಗಂಟೆಗೆ 10 ನಿಮಿಷ ಉಳಿಯುತ್ತದೆ. ಹನ್ನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ 120 ನಿಮಿಷ, ಅಂದರೆ 24 ವೀಕ್ಷಣೆಗಳು. ಹೊಸಬರ ಪೈಕಿ ಪ್ರತಿಯೊಬ್ಬರಿಗೂ ನಾಲ್ಕರಂತೆ ಅವು ಹೆಚ್ಚುವರಿಯಾಗಿ ಒದಗುತ್ತವೆ. ವಾರ್ಡಿಗೆ ಬಂದ ಮೊದಲ ನಾಲ್ಕು ಗಂಟೆಗಳಲ್ಲಿ ಅವರನ್ನು ಅರ್ಧ ಗಂಟೆಗೊಮ್ಮೆ ನೋಡಲು ಇಷ್ಟು ಸಾಕಾಗುತ್ತದೆ. ಒಬ್ಬ ಸಿಬ್ಬಂದಿಯನ್ನೂ ಹೆಚ್ಚಿಸದೆ ಆಗುವ ಬದಲಾವಣೆ ಇದು. ಆದರೆ 16 ಮಂದಿಯನ್ನು ಸ್ಥಿರರೆಂದು ಗುರುತಿಸಿ ವೈದ್ಯರು ಸಂಜೆಯ ಸುತ್ತಿನಲ್ಲಿ ಲಿಖಿತವಾಗಿ ಒಪ್ಪಿರಬೇಕು. ಆ ಹೊಣೆಯನ್ನು ರಾತ್ರಿ ಪಾಳಿಯವರ ಮೇಲೆ ಹೊರಿಸಬಾರದು.

ರೋಗಿಯ ಜೊತೆಯಲ್ಲಿರುವ ತಾಯಿ, ಅಕ್ಕ, ಮಗ ನಮ್ಮ ಆಸ್ಪತ್ರೆಗಳ ಇನ್ನೊಂದು ವಾಸ್ತವ. ಅವರಿಂದ ಅಳತೆ ಮಾಡಿಸಿ ಚಾರ್ಟಿಗೆ ಬರೆಯಿಸುವುದು ಸಲ್ಲದು. ಕರೆದರೆ ಓಗೊಡದಿರುವುದು, ಗೊರಕೆಯ ನಡುವೆ ಉಸಿರು ನಿಲ್ಲುವುದು, ಬಟ್ಟೆ ಅಥವಾ ಡ್ರೆಸಿಂಗ್ ರಕ್ತದಿಂದ ನೆನೆಯುವುದು, ಮೈ ತಣ್ಣಗಾಗಿ ಬೆವರುವುದು, ಈ ನಾಲ್ಕನ್ನು ಕಂಡರೆ ಕೂಡಲೇ ಸಿಸ್ಟರನ್ನು ಕರೆಯಿರಿ ಎಂದು ಅವರಿಗೆ ಕನ್ನಡದಲ್ಲಿ ಹೇಳಿ, ಕರೆದಾಗ ಗದರದೆ ಬಂದು ನೋಡುವುದು ಸಾಧ್ಯ.

ಚಾರ್ಟಿನ ಮುದ್ರಣದಲ್ಲಿಯೂ ಒಂದು ಚಿಕ್ಕ ತಿದ್ದುಪಡಿ ಅಗತ್ಯ. ರೂಢಿಯ ನಮೂನೆಯಲ್ಲಿ ಅಂಕಿಗಳಿಗೆ ಮಾತ್ರ ಜಾಗವಿರುತ್ತದೆ. ಪ್ರಜ್ಞೆಯ ಮಟ್ಟಕ್ಕೆ ಒಂದು ಅಂಕಣ, ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಲಾಯಿತು ಎಂಬುದಕ್ಕೆ ಒಂದು, ಅವರು ಬಂದು ನೋಡಿದ ಹೊತ್ತಿಗೆ ಇನ್ನೊಂದು, ಹೀಗೆ ಮೂರು ಅಂಕಣಗಳನ್ನು ಸೇರಿಸಬೇಕು. ರಾತ್ರಿ ಅರಿವಳಿಕೆ ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಗಳಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ನಿರ್ಧಾರ ಮಾಡುವವರು ಯಾರು, ಅವರು ಸಿಗದಿದ್ದರೆ ಮುಂದೆ ಯಾರು ಎಂಬುದು ಅದೇ ಹಾಳೆಯ ತಲೆಯಲ್ಲಿ ಹೆಸರು ಮತ್ತು ಫೋನ್ ಸಂಖ್ಯೆ ಸಹಿತ ಬರೆದಿರಬೇಕು.